ಬೆಂಗಳೂರು ಇಷ್ಟು ಬೆಳೆದರೂ ಹೆಂಗಸರು ಸಂಬಳದ ಕೆಲಸಕ್ಕೆ ಯಾಕೆ ಬರುತ್ತಿಲ್ಲ?

ವಿಜಯನಗರ ವಾಸಿ:

ಬಹಳ ದಿನದಿಂದ ತಲೆ ತಿನ್ನುತ್ತಿರುವ ಪ್ರಶ್ನೆ. ಹೆಣ್ಣುಮಕ್ಕಳು ದುಡಿಯಲು ಬಂದರೆ ದೇಶದ ಜಿಡಿಪಿ ಏರುತ್ತದೆ ಎಂದು ಪೇಪರಿನಲ್ಲಿ ಬರೆಯುತ್ತಾರೆ. ದೇಶ ಬೆಳೆದರೆ ಹೆಣ್ಣು ಗಂಡಿನ ವ್ಯತ್ಯಾಸ ತಾನಾಗಿ ಕಡಿಮೆ ಆಗುತ್ತದೆ ಎನ್ನುವವರೂ ಇದ್ದಾರೆ. ನನಗೆ ಎರಡೂ ಪೂರ್ತಿ ಗಂಟಲಿಗೆ ಇಳಿಯುತ್ತಿಲ್ಲ.

ನಮ್ಮ ದೇಶದ ಲೆಕ್ಕವನ್ನೇ ನೋಡಿ. 2004-05ರಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ನೂರಕ್ಕೆ ಸುಮಾರು 43 ಮಂದಿ ಕೆಲಸ ಮಾಡುತ್ತಿದ್ದರು ಅಥವಾ ಹುಡುಕುತ್ತಿದ್ದರು. 2011-12ಕ್ಕೆ ಅದು 31 ಆಯಿತು. 2017-18ಕ್ಕೆ 23. ಅದೇ ವರ್ಷಗಳಲ್ಲಿ ದೇಶದ ಆದಾಯ ಓಡುತ್ತಿತ್ತು. ಹೊರ ವರ್ತುಲ ರಸ್ತೆಯ ಉದ್ದಕ್ಕೂ ಗಾಜಿನ ಕಟ್ಟಡಗಳು ಎದ್ದಿದ್ದೂ ಆಗಲೇ. ಅಂದರೆ ಬೆಳವಣಿಗೆಯೇ ಹೆಂಗಸರನ್ನು ಮನೆಗೆ ಕಳಿಸಿತೇ?

ಬ್ಯಾಂಕಿನಲ್ಲಿ ಇದ್ದು ನಿವೃತ್ತನಾದವನು ನಾನು. ಅರ್ಥಶಾಸ್ತ್ರ ಓದಿದವರು ಇಲ್ಲಿ ಇದ್ದಾರೆ, ಗಾರ್ಮೆಂಟ್ಸ್‌ನವರು, ಐಟಿಯವರೂ ಇದ್ದಾರೆ. ಸುಮ್ನೆ ಜಗಳ ಬೇಡ, ಗೊತ್ತಿರುವುದನ್ನು ಹೇಳಿ.

ಅಂಕಿಸಂಖ್ಯೆ:

ಸರ್, ಇದಕ್ಕೆ ಒಂದು ಹಳೆಯ ವಿವರಣೆ ಇದೆ. 2023ರಲ್ಲಿ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅವರ ಕೆಲಸದಲ್ಲಿ ಅದು ಚೆನ್ನಾಗಿ ಬಂದಿದೆ. ಬಡ ದೇಶದಲ್ಲಿ ಹೆಂಗಸರು ಹೊಲದಲ್ಲಿ ದುಡಿಯುತ್ತಾರೆ, ಲೆಕ್ಕದಲ್ಲಿ ಜಾಸ್ತಿ ಕಾಣುತ್ತಾರೆ. ಕೆಲಸ ಹೊಲದಿಂದ ಕಾರ್ಖಾನೆಗೆ ಹೋದಾಗ ಗಂಡಸರು ಹೋಗುತ್ತಾರೆ, ಹೆಂಗಸರು ಮನೆಯಲ್ಲಿ ಉಳಿಯುತ್ತಾರೆ. ಓದು ಹೆಚ್ಚಿ ಆಫೀಸು, ಶಾಲೆ, ಆಸ್ಪತ್ರೆ ಕೆಲಸಗಳು ಬಂದಾಗ ಮತ್ತೆ ಹೊರಗೆ ಬರುತ್ತಾರೆ. ಇಳಿದು ಮತ್ತೆ ಏರುವ ಗೆರೆ. ನಮ್ಮಲ್ಲಿ ಓದಿನ ಪ್ರಕಾರ ನೋಡಿದರೂ ಅದೇ ಆಕಾರ. ಶಾಲೆಗೆ ಹೋಗದವರು ಕೆಲಸ ಮಾಡುತ್ತಾರೆ, ಡಿಗ್ರಿ ಮುಗಿಸಿದವರಲ್ಲಿ ಒಂದಷ್ಟು ಜನ ಮಾಡುತ್ತಾರೆ. ನಡುವೆ ಎಸ್ಎಸ್ಎಲ್‌ಸಿ, ಪಿಯುಸಿಗೆ ನಿಂತವರೇ ಎಲ್ಲರಿಗಿಂತ ಕಡಿಮೆ.

ನೀವು ಕೊಟ್ಟ ಲೆಕ್ಕ 2017-18ಕ್ಕೆ ನಿಂತಿದೆ. ಆಮೇಲೆ ಏರಿದೆ. 2023-24ರಲ್ಲಿ ಅದು 41.7. ಗಂಡಸರದ್ದು 78.8. ಆದರೆ ಈ ಏರಿಕೆಗೆ ಪಟಾಕಿ ಹೊಡೆಯುವ ಮುನ್ನ ಒಳಗೆ ಇಣುಕಿ. ಹಳ್ಳಿಯಲ್ಲಿ 47.6, ಪೇಟೆಯಲ್ಲಿ 28. ಕೆಲಸದಲ್ಲಿರುವ ಹೆಂಗಸರಲ್ಲಿ ಮೂರರಲ್ಲಿ ಎರಡು ಪಾಲು ಸ್ವಂತ ಉದ್ಯೋಗದವರು. ಅವರಲ್ಲೂ ಅರ್ಧಕ್ಕಿಂತ ಜಾಸ್ತಿ ಮಂದಿ ಮನೆಯ ಹೊಲದಲ್ಲೋ ಅಂಗಡಿಯಲ್ಲೋ ಸಂಬಳ ಇಲ್ಲದೆ ಕೈಜೋಡಿಸುವವರು. ಗಂಡನ ಅಂಗಡಿಯಲ್ಲಿ ಕೂತರೆ ಲೆಕ್ಕಕ್ಕೆ ಬರುತ್ತಾರೆ, ಕೈಗೆ ಕಾಸು ಬರುವುದಿಲ್ಲ.

ಮುದ್ದೆ ಬಸ್ಸಾರು:

ಎಲ್ಲದಕ್ಕೂ ಅಸಮಾನತೆ ಅಂತ ಹೆಸರಿಡಬೇಡಿ ಸ್ವಾಮಿ. ಗಂಡ ಚೆನ್ನಾಗಿ ದುಡಿಯುತ್ತಿದ್ದರೆ ಹೆಂಡತಿ ಎರಡು ಬಸ್ ಬದಲಿಸಿ ಯಾಕೆ ಒದ್ದಾಡಬೇಕು? ಮನೆಯಲ್ಲಿರುವುದು ಅವರ ಇಷ್ಟ.

ಪೀಣ್ಯ ಎರಡನೇ ಹಂತ:

ಬಸ್ಸಾರು ಅಣ್ಣ, ಇಷ್ಟ ಎಂದಿರಿ. ನನ್ನ ಕಥೆ ಹೇಳುತ್ತೇನೆ, ಇಷ್ಟ ಎಲ್ಲಿದೆ ಹುಡುಕಿಕೊಡಿ.

ನಾನು ಗಾರ್ಮೆಂಟ್ಸ್‌ಗೆ ಹೆಲ್ಪರ್ ಆಗಿ ಸೇರಿ ಟೈಲರ್ ಆದವಳು. ಈಗ ಚೆಕಿಂಗ್‌ನಲ್ಲಿದ್ದೇನೆ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಇರುತ್ತದೆ. ಲೈನಿನಲ್ಲಿ ಒಬ್ಬಳು ಬಾತ್‌ರೂಮಿಗೆ ಎದ್ದರೆ ಹಿಂದಿನವಳ ಹತ್ತಿರ ಬಂಡಲ್ ರಾಶಿ ಬೀಳುತ್ತದೆ, ಸೂಪರ್‌ವೈಸರ್ ಬಾಯಿ ಬಿಡುತ್ತಾನೆ. ಮಗು ಆದಾಗ ಬಿಟ್ಟೆ. ಅತ್ತೆ ಊರಲ್ಲಿ, ನೋಡಿಕೊಳ್ಳುವವರು ಇಲ್ಲ. ಪಿಎಫ್ ಬಿಡಿಸಿಕೊಂಡೆ. ಮಗು ಸ್ವಲ್ಪ ದೊಡ್ಡದಾದ ಮೇಲೆ ಬೇರೆ ಫ್ಯಾಕ್ಟರಿಗೆ ಹೋದೆ, ಅಲ್ಲಿ ಹೊಸಬಳ ಸಂಬಳ. ಎರಡನೇ ಮಗುವಿಗೆ ಮತ್ತೆ ಅದೇ ಆಯಿತು. ಗ್ರಾಚ್ಯುಟಿಗೆ ಒಂದೇ ಕಡೆ ಐದು ವರ್ಷ ಆಗಬೇಕಿತ್ತು. ನನಗೆ ಒಂದು ಕಡೆಯೂ ಆಗಲಿಲ್ಲ. ನನ್ನ ಜೊತೆ ಸೇರಿದ ಗಂಡು ಹುಡುಗ ಬಿಡದೆ ನಿಂತ, ಈಗ ಫ್ಲೋರ್ ಇನ್‌ಚಾರ್ಜ್. ಅವನು ಕೆಟ್ಟವನಲ್ಲ, ಹೊಲಿಗೆ ಮಾತ್ರ ನನ್ನಷ್ಟು ಬರುವುದಿಲ್ಲ.

2016ರ ಏಪ್ರಿಲ್‌ನಲ್ಲಿ ನಾವೆಲ್ಲ ರಸ್ತೆಗೆ ಇಳಿದಿದ್ದು ನೆನಪಿದೆಯಲ್ಲ? ಹೊಸೂರು ರಸ್ತೆ, ತುಮಕೂರು ರಸ್ತೆ ಎರಡೂ ನಿಂತುಹೋಗಿದ್ದವು. ಮಾಲೀಕರ ಪಾಲಿನ ಪಿಎಫ್ 58 ವರ್ಷದ ತನಕ ತೆಗೆಯುವ ಹಾಗಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತ್ತು. ನಗರದವರು ಟ್ರಾಫಿಕ್ ಜಾಮ್ ಎಂದು ಬೈದರು. ನಮಗೆ ಪಿಎಫ್ ಎಂದರೆ ಮುಪ್ಪಿನ ದುಡ್ಡಲ್ಲ. ಹೆರಿಗೆ, ಮಕ್ಕಳ ಶಾಲೆ, ಕೈಸಾಲ ಎಲ್ಲ ಅದರಲ್ಲೇ. ಎರಡು ದಿನದಲ್ಲಿ ನಿಯಮ ವಾಪಸ್ ಆಯಿತು.

ವಿಜಯನಗರ ವಾಸಿ:

ಪೀಣ್ಯದ ತಂಗಿ, ಬ್ಯಾಂಕಿನ ಕೌಂಟರಿನಿಂದ ಇದರ ಇನ್ನೊಂದು ಮುಖ ನೋಡಿದ್ದೇನೆ. ಖಾತೆ ಹೆಂಡತಿಯ ಹೆಸರಿನಲ್ಲಿ, ಎಟಿಎಂ ಕಾರ್ಡು ಗಂಡನ ಜೇಬಿನಲ್ಲಿ. ಸಹಿಗೆ ಮಾತ್ರ ಆಕೆ ಬರುತ್ತಿದ್ದರು. ಇದು ನಿಜಕ್ಕೂ ವ್ಯತ್ಯಾಸ ಮಾಡುತ್ತದೆಯೇ ಎಂದು ಮಧ್ಯಪ್ರದೇಶದಲ್ಲಿ ಸಂಶೋಧಕರು ನೋಡಿದ್ದಾರೆ. ಉದ್ಯೋಗ ಖಾತ್ರಿಯ ಕೂಲಿ ಹೆಂಗಸರ ಸ್ವಂತ ಖಾತೆಗೇ ಹೋಗುವ ಹಾಗೆ ಮಾಡಿ, ಖಾತೆ ಬಳಸುವುದನ್ನೂ ಹೇಳಿಕೊಟ್ಟರು. ಅಂಥವರು ಮುಂದೆ ಜಾಸ್ತಿ ಕೆಲಸಕ್ಕೆ ಹೋದರು. ಹೆಂಡತಿ ಕೆಲಸಕ್ಕೆ ಹೋಗುವುದು ಹಿಡಿಸದ ಗಂಡಂದಿರ ಮನೆಗಳಲ್ಲೇ ಇದು ಎದ್ದು ಕಂಡಿತು.

ಜಯನಗರ ಮೇಷ್ಟ್ರು:

ನಾನು ಡಿಗ್ರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಈ ವಿಷಯದಲ್ಲಿ ಎಲ್ಲರೂ ಬೇಗ ದಾಟಿಹೋಗುವ ಒಂದು ಕಹಿ ಮಾತಿದೆ. ಅಸಮಾನತೆ ಯಾವಾಗಲೂ ಬೆಳವಣಿಗೆಗೆ ಅಡ್ಡಿ ಎನ್ನುತ್ತಾರಲ್ಲ, ಅದು ಪೂರ್ತಿ ನಿಜವಲ್ಲ.

ದಕ್ಷಿಣ ಕೊರಿಯಾ ನೋಡಿ. 1960, 70ರ ದಶಕದಲ್ಲಿ ಬಟ್ಟೆ, ವಿಗ್, ಎಲೆಕ್ಟ್ರಾನಿಕ್ಸ್ ಹೊರದೇಶಕ್ಕೆ ಕಳಿಸಿ ಡಾಲರ್ ಗಳಿಸಿತು. ಆ ಕಾರ್ಖಾನೆಗಳಲ್ಲಿ ದುಡಿದವರು ಬಹುಪಾಲು ಹಳ್ಳಿಯಿಂದ ಬಂದ ಹುಡುಗಿಯರು. ಅವರ ಸಂಬಳ ಗಂಡಸರ ಅರ್ಧದ ಆಸುಪಾಸು. ಆ ಕಡಿಮೆ ಸಂಬಳದಿಂದ ಸರಕು ಅಗ್ಗವಾಯಿತು, ಬಂದ ಡಾಲರಿನಿಂದ ಯಂತ್ರ ಬಂತು. ಸ್ಟೆಫನಿ ಸೆಗುಯಿನೋ ಎಂಬ ಅರ್ಥಶಾಸ್ತ್ರಜ್ಞೆ ಇದನ್ನೇ ವಾದಿಸಿದ್ದಾರೆ. ಇಂಥ ದೇಶಗಳಲ್ಲಿ ಸಂಬಳದ ಅಸಮಾನತೆ ಬೆಳವಣಿಗೆಗೆ ಇಂಧನ ಆಗಿತ್ತು ಎಂದು. ಬಾಂಗ್ಲಾದೇಶದ ರಫ್ತಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಸಿದ್ಧ ಉಡುಪು. 2013ರ ಏಪ್ರಿಲ್ 24ರಂದು ಢಾಕಾದ ಹತ್ತಿರ ರಾಣಾ ಪ್ಲಾಜಾ ಕುಸಿದಾಗ 1,100ಕ್ಕೂ ಜಾಸ್ತಿ ಜನ ಸತ್ತರು, ಬಹಳಷ್ಟು ಹೆಂಗಸರು. ಅದೇ ಉದ್ಯಮದಿಂದ ಲಕ್ಷಾಂತರ ಹುಡುಗಿಯರ ಮದುವೆ ಮುಂದೆ ಹೋಯಿತು, ಶಾಲೆ ಮುಂದುವರಿಯಿತು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ಅರ್ಧ ಸತ್ಯ.

ಹಾಗಾಗಿ ಅಸಮಾನತೆಯನ್ನು ಒಂದೇ ಗಂಟು ಕಟ್ಟಬೇಡಿ. ಹುಡುಗಿಯರನ್ನು ಶಾಲೆಯಿಂದ ದೂರ ಇಟ್ಟ ದೇಶಗಳು ಬೆಳವಣಿಗೆಯಲ್ಲಿ ಪೆಟ್ಟು ತಿಂದಿವೆ. ಅದಕ್ಕೆ ಪುರಾವೆ ಗಟ್ಟಿಯಾಗಿದೆ. ಸಂಬಳದ ಅಸಮಾನತೆ ಬೇರೆ ವಿಷಯ. ಅದರಲ್ಲಿ ಒಬ್ಬರ ನಷ್ಟ ಇನ್ನೊಬ್ಬರ ಲಾಭ. ಕೊರಿಯಾ ಇಂದು ಶ್ರೀಮಂತ ದೇಶ, ಆದರೂ ಶ್ರೀಮಂತ ದೇಶಗಳಲ್ಲೇ ಹೆಣ್ಣು ಗಂಡಿನ ಸಂಬಳದ ಅಂತರ ಅತಿ ಹೆಚ್ಚು ಇರುವುದು ಅಲ್ಲಿ, ನೂರಕ್ಕೆ ಸುಮಾರು 30. ಬೆಳವಣಿಗೆ ತಾನಾಗಿ ಸರಿಮಾಡುತ್ತದೆ ಎನ್ನುವವರು ಇದಕ್ಕೆ ಉತ್ತರ ಕೊಡಲಿ.

ಅಂಕಿಸಂಖ್ಯೆ:

ಮೇಷ್ಟ್ರೇ, ಅರ್ಧ ಒಪ್ಪುತ್ತೇನೆ. ಕೊರಿಯಾ ಬೆಳೆದಿದ್ದು ಹುಡುಗಿಯರ ಕಡಿಮೆ ಸಂಬಳದಿಂದಲೇ ಎಂದರೆ ಸಂಬಳ ಕಡಿಮೆ ಇರುವ ದೇಶಗಳೆಲ್ಲ ಕೊರಿಯಾ ಆಗಬೇಕಿತ್ತು. ಅಲ್ಲಿ ಮೊದಲು ಭೂಸುಧಾರಣೆ ಆಯಿತು, ಹುಡುಗಿಯರೂ ಸೇರಿ ಎಲ್ಲ ಮಕ್ಕಳೂ ಪ್ರಾಥಮಿಕ ಶಾಲೆಗೆ ಹೋದರು, ರಫ್ತಿಗೆ ಸರ್ಕಾರ ಒತ್ತಾಸೆಯಾಗಿ ನಿಂತಿತು. ಇನ್ನೊಂದು, 2023ರಲ್ಲಿ ಕೊರಿಯಾದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 0.72 ಮಗು. ಕೆಲಸ, ಮನೆ ಎರಡನ್ನೂ ಹೆಂಗಸಿನ ಹೆಗಲಿಗೇ ಹಾಕಿದ ದೇಶಕ್ಕೆ ಬಿಲ್ಲು ತಡವಾಗಿ ಬಂದಿದೆ, ಅಷ್ಟೇ.

ಜಯನಗರ ಮೇಷ್ಟ್ರು:

ಬಿಲ್ಲು ಬಂದಿದ್ದು ನಿಜ. ಲಾಭ ಉಂಡವರು ಬೇರೆ, ಬಿಲ್ಲು ಕಟ್ಟುವವರು ಬೇರೆ ಎಂಬುದೇ ನನ್ನ ತಕರಾರು.

ಮುದ್ದೆ ಬಸ್ಸಾರು:

ಪೀಣ್ಯದ ಅಕ್ಕನ ಮಾತಿಗೆ ಎದುರಾಡುವುದಿಲ್ಲ. ಆದರೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಂ.ಟೆಕ್ ಮಾಡಿ ಮನೆಯಲ್ಲಿರುವವರು ಇದ್ದಾರೆ. ಅವರಿಗೆ ಯಾವ ಟಾರ್ಗೆಟ್ಟೂ ಇಲ್ಲ, ಸೂಪರ್‌ವೈಸರೂ ಇಲ್ಲ. ಅವರದ್ದು ಇಷ್ಟವೇ ಅಲ್ವಾ?

ಬೆಳ್ಳಂದೂರು ನೊರೆ:

ಅಂಥವರಲ್ಲಿ ನಾನೂ ಒಬ್ಬಳು, ನಾನೇ ಹೇಳುತ್ತೇನೆ.

2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಮೊದಲ ಎರಡು ಮಕ್ಕಳಿಗೆ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಶಿಶುವಿಹಾರ ಇರಬೇಕು ಎಂದೂ ಆಯಿತು. ಒಳ್ಳೆಯ ಕಾನೂನು. ಆದರೆ ಆ 26 ವಾರದ ಸಂಬಳದ ಭಾರ ನಮ್ಮಂಥ ಕಡೆ ಪೂರ್ತಿ ಕಂಪನಿಯದ್ದು. ಇಎಸ್ಐ ಎಂಬ ಸರ್ಕಾರಿ ಕಾರ್ಮಿಕ ವಿಮೆ ಇರುವ ಕಡಿಮೆ ಸಂಬಳದವರಿಗೆ ಮಾತ್ರ ಆ ನಿಧಿಯಿಂದ ಬರುತ್ತದೆ. ಅಪ್ಪಂದಿರಿಗೆ ಖಾಸಗಿ ಕಂಪನಿಯಲ್ಲಿ ಕಾನೂನಿನ ಪ್ರಕಾರ ಒಂದು ದಿನವೂ ಇಲ್ಲ. ಹಾಗಾದರೆ ಇಂಟರ್‌ವ್ಯೂನಲ್ಲಿ ಕೂತ ಮ್ಯಾನೇಜರ್ ಏನು ಲೆಕ್ಕ ಹಾಕುತ್ತಾನೆ? ಹೊಸದಾಗಿ ಮದುವೆಯಾದ ಹುಡುಗಿ ಎಂದರೆ ಖರ್ಚು. ನನ್ನನ್ನು ನೇರವಾಗಿ ಕೇಳಲಿಲ್ಲ, "ಫ್ಯಾಮಿಲಿ ಪ್ಲಾನ್ಸ್ ಹೇಗಿವೆ" ಎಂದು ನಗುತ್ತಾ ಕೇಳಿದರು.

ಎರಡನೇ ಮಗು ಆದಾಗ ನಾನೂ ಗಂಡನೂ ಕೂತು ಲೆಕ್ಕ ಹಾಕಿದೆವು. ಅವರ ಸಂಬಳ ಜಾಸ್ತಿ, ಯಾಕೆಂದರೆ ಅವರು ಒಮ್ಮೆಯೂ ಬಿಟ್ಟಿರಲಿಲ್ಲ. ಯಾರು ಬಿಡಬೇಕು ಎಂಬುದಕ್ಕೆ ಲೆಕ್ಕವೇ ಉತ್ತರ ಕೊಟ್ಟಿತು. ಸಿಲ್ಕ್ ಬೋರ್ಡ್ ದಾಟಿ ಹೋಗಿ ಬರುವ ಹೊತ್ತನ್ನೂ ಅದಕ್ಕೆ ಸೇರಿಸಿ. ಹೀಗೆ ನನ್ನ "ಇಷ್ಟ" ಎಕ್ಸೆಲ್ ಶೀಟಿನಲ್ಲಿ ತಯಾರಾಯಿತು.

ಹಳೆ ಮೈಸೂರು ಅಜ್ಜಿ:

ಮಕ್ಕಳೇ, ನಿಮ್ಮ ಜಿಡಿಪಿ ಲೆಕ್ಕದ ಬಗ್ಗೆ ನನ್ನದೂ ಒಂದು ಇರಲಿ. ನಾನು ಹಸು ಕಟ್ಟಿದವಳು. ಮೊಮ್ಮಗ ಈ ಲೆಕ್ಕ ಓದಿ ಹೇಳಿದ. ಹಾಲು ಕರೆದದ್ದು ದೇಶದ ಉತ್ಪನ್ನದ ಲೆಕ್ಕಕ್ಕೆ ಸೇರುತ್ತದಂತೆ, ಮಾರದೆ ಮನೆಯಲ್ಲೇ ಕುಡಿದರೂ. ಅದೇ ಹಾಲು ಕಾಯಿಸಿ ಮಗುವಿಗೆ ಕುಡಿಸಿದ್ದು ಸೇರುವುದಿಲ್ಲವಂತೆ. ಯಾವ ಪುಣ್ಯಾತ್ಮ ಎಳೆದ ಗೆರೆಯೋ.

ಅಂಕಿಸಂಖ್ಯೆ:

ಅಜ್ಜಿ ಹೇಳಿದ್ದು ಸರಿ. ಮನೆಯ ಬಳಕೆಗೆ ವಸ್ತು ಉತ್ಪಾದಿಸಿದರೆ ವಿಶ್ವಸಂಸ್ಥೆಯ ಲೆಕ್ಕಪದ್ಧತಿಯ ಒಳಗೆ, ಮನೆಯವರಿಗೆ ಮಾಡಿದ ಸೇವೆ ಅದರ ಹೊರಗೆ. ಅಡುಗೆ, ಮಗು, ಮುದುಕರ ಆರೈಕೆ ಎಲ್ಲ ಹೊರಗೆ.

ಆ ಹೊರಗಿನದ್ದು ಎಷ್ಟಿದೆ ಎನ್ನುವುದಕ್ಕೆ ಸರ್ಕಾರದ್ದೇ ಸಮಯ ಬಳಕೆ ಸಮೀಕ್ಷೆ ಇದೆ. 2024ರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಟ್ಟರು. ಮನೆಗೆಲಸಕ್ಕೆ ಕೈಹಾಕಿದ ಗಂಡಸರು ಕೊಟ್ಟಿದ್ದು 88 ನಿಮಿಷ. ಕೈಯನ್ನೇ ಹಾಕದ ಗಂಡಸರು ಆ 88ರಲ್ಲಿ ಇಲ್ಲವೇ ಇಲ್ಲ, ಗಮನಿಸಿ.

ಇದರಿಂದ ಇನ್ನೊಂದು ಮಾತು ಬರುತ್ತದೆ. ಹೆಂಗಸರು ಗಂಡಸರಷ್ಟೇ ದುಡಿದರೆ 2025ರ ಹೊತ್ತಿಗೆ ಜಗತ್ತಿನ ಜಿಡಿಪಿಗೆ 28 ಟ್ರಿಲಿಯನ್ ಡಾಲರ್ ಸೇರಬಹುದು ಎಂದು 2015ರಲ್ಲಿ ಮೆಕಿನ್ಸೆ ಎಂಬ ಸಲಹಾ ಕಂಪನಿ ಹೇಳಿತ್ತು. ಭಾಷಣಗಳಲ್ಲಿ ಈಗಲೂ ಓಡಾಡುತ್ತದೆ. ನನಗೆ ಆ ಸಂಖ್ಯೆ ಹಿಡಿಸುವುದಿಲ್ಲ. ಬೆಳ್ಳಂದೂರಿನವರು ಕೆಲಸಕ್ಕೆ ಹೋಗಿ, ಮಗು ನೋಡಲು ಇನ್ನೊಬ್ಬರನ್ನು ಇಟ್ಟುಕೊಂಡರೆ ಜಿಡಿಪಿ ಎರಡು ಸಲ ಏರುತ್ತದೆ. ಮಗುವಿನ ಆರೈಕೆ ಅಷ್ಟೇ ಇದೆ, ಲೆಕ್ಕದ ಒಳಗೆ ಬಂತು ಅಷ್ಟೇ. ಆ 289 ನಿಮಿಷವನ್ನು ಯಾರು ಮಾಡಬೇಕು ಎಂದು ಹೇಳದೆ ಟ್ರಿಲಿಯನ್ ಲೆಕ್ಕ ಕೊಡುವುದು ಸುಲಭ.

ಬೆಳ್ಳಂದೂರು ನೊರೆ:

ಆ ಇನ್ನೊಬ್ಬರ ಬಗ್ಗೆಯೂ ಯಾರಾದರೂ ಮಾತಾಡಿ. ಮನೆಗೆಲಸದವರನ್ನು ಕನಿಷ್ಠ ಕೂಲಿ ಪಟ್ಟಿಗೆ ಮೊದಲು ಸೇರಿಸಿದ ರಾಜ್ಯಗಳಲ್ಲಿ ನಮ್ಮದೂ ಒಂದು, 2004ರಲ್ಲಿ. ನಮ್ಮ ಬಿಲ್ಡಿಂಗ್ ಗ್ರೂಪಿನಲ್ಲಿ ಒಬ್ಬರಿಗೂ ಅದು ಗೊತ್ತಿಲ್ಲ. "ರೇಟ್ ಹಾಳು ಮಾಡಬೇಡಿ" ಎಂಬ ಮೆಸೇಜ್ ಮಾತ್ರ ಪ್ರತಿ ಯುಗಾದಿಗೆ ಬರುತ್ತದೆ.

ಮೆಜೆಸ್ಟಿಕ್ ಕೆಳಸೇತುವೆ:

ಬಸ್ಸಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ದಿಲ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಗಿರಿಜಾ ಬೋರ್ಕರ್ ಎಂಬ ಅರ್ಥಶಾಸ್ತ್ರಜ್ಞೆ ಸಂಶೋಧನೆ ಮಾಡಿದ್ದಾರೆ. ದಾರಿಯಲ್ಲಿ ಕಾಟ ಕಡಿಮೆ ಇರಲಿ ಎಂದು ಹುಡುಗಿಯರು ಒಳ್ಳೆಯ ಕಾಲೇಜು ಬಿಟ್ಟು ಅದಕ್ಕಿಂತ ಕಡಿಮೆ ಮಟ್ಟದ ಕಾಲೇಜಿಗೆ ಸೇರುತ್ತಾರೆ, ದಾರಿಗೆ ಜಾಸ್ತಿ ದುಡ್ಡೂ ಕೊಡುತ್ತಾರೆ. ಮುಂದೆ ಅದು ಸಂಬಳದಲ್ಲೂ ಕಾಣುತ್ತದೆ. ರಸ್ತೆಯಲ್ಲಿ ಲೈಟಿಲ್ಲ ಎಂಬುದು ಆರ್ಥಿಕ ಬೆಳವಣಿಗೆಯ ವಿಷಯ ಎಂದು ಯಾವ ಬಜೆಟ್ ಭಾಷಣದಲ್ಲಿ ಕೇಳಿದ್ದೀರಿ?

ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಸೈಕಲ್ ಕೊಟ್ಟರು. ಹೈಸ್ಕೂಲು ದೂರ ಇದ್ದ ಹಳ್ಳಿಗಳಲ್ಲೇ ಸೇರುವವರು ಹೆಚ್ಚು ಏರಿದರು. ಅದೇ ಹೊತ್ತಿಗೆ ನಮ್ಮಲ್ಲೂ ಎಂಟನೇ ಕ್ಲಾಸಿನವರಿಗೆ ಸೈಕಲ್ ಬಂತು. 2023ರ ಜೂನ್ 11ರಿಂದ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ. ನಾನು ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ನೋಡುತ್ತೇನೆ.

ಮುದ್ದೆ ಬಸ್ಸಾರು:

ಶಕ್ತಿ ಎಂದರೆ ಧರ್ಮಸ್ಥಳಕ್ಕೆ ಟ್ರಿಪ್ಪು. ತೆರಿಗೆ ಕಟ್ಟುವವರು ನಾವು, ಸೀಟು ಅವರಿಗೆ.

ನಿರ್ವಾಹಕ:

ಗ್ಯಾರಂಟಿ ಬೇಕೇ ಬೇಡವೇ ಎಂಬ ಜಗಳಕ್ಕೆ ಬೇರೆ ಎಳೆ ಇದೆ. ಇಲ್ಲಿ ಕೆಲಸ, ಸಂಬಳ, ಬೆಳವಣಿಗೆಗೆ ಸಂಬಂಧ ಇದ್ದರೆ ಮಾತ್ರ ಬರೆಯಿರಿ. ಪಕ್ಷದ ಹೆಸರು ಇದ್ದ ಎರಡು ಪೋಸ್ಟ್ ತೆಗೆದಿದ್ದೇನೆ.

ಪೀಣ್ಯ ಎರಡನೇ ಹಂತ:

ಸಂಬಂಧ ಇದೆ ಸರ್. ಮೊದಲು ಪಾಸಿಗೆ ಕೊಡುವ ದುಡ್ಡು ನೋಡಿ ನಡೆದು ಹೋಗುವಷ್ಟು ಹತ್ತಿರದ ಫ್ಯಾಕ್ಟರಿಗೇ ಹೋಗುತ್ತಿದ್ದೆವು. ಅಲ್ಲಿ ಏನು ಕೊಟ್ಟರೆ ಅದು. ಈಗ ನಮ್ಮ ಲೈನಿನ ಕೆಲವರು ದೂರದ ಕಡೆ ಸಂಬಳ ಜಾಸ್ತಿ ಇದೆ ಎಂದು ಬದಲಿಸಿದ್ದಾರೆ. ಬಿಟ್ಟು ಹೋಗುತ್ತಾರೆ ಎಂಬ ಭಯ ಮಾಲೀಕರಿಗೂ ಸ್ವಲ್ಪ ಬಂದಿದೆ. ಧರ್ಮಸ್ಥಳಕ್ಕೂ ಹೋಗಿದ್ದೇವೆ ಅಣ್ಣ, ಸುಳ್ಳು ಹೇಳುವುದಿಲ್ಲ. ವರ್ಷಕ್ಕೆ ಒಂದು ಭಾನುವಾರ.

ತಿಪಟೂರು ಕೊಬ್ಬರಿ:

ಸಂಬಳದ ಮಾತೇ ಆಯಿತು, ಆಸ್ತಿಯದ್ದು ಯಾರೂ ಎತ್ತಲಿಲ್ಲ. ನಾನು ವಕೀಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಂದಿತು. ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. ಇಡೀ ದೇಶಕ್ಕೆ ಬಂದಿದ್ದು 2005ರಲ್ಲಿ. ಅಪ್ಪ 2005ಕ್ಕೆ ಮುಂಚೆ ತೀರಿದ್ದರೂ ಪಾಲು ಇದೆ ಎಂದು ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದ್ದು 2020ರಲ್ಲಿ.

ಕಾಗದದ ಮೇಲೆ ಹಕ್ಕು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ. ಅಣ್ಣತಮ್ಮಂದಿರು ಕಾರು ಮಾಡಿ ಕರೆತರುತ್ತಾರೆ. ಅರಿಶಿನ ಕುಂಕುಮಕ್ಕೆ ಎಂದು ಒಂದಿಷ್ಟು ಕೊಟ್ಟು ಸಹಿ ಹಾಕಿಸುತ್ತಾರೆ. ಸಹಿ ಹಾಕದಿದ್ದರೆ ತವರು ಮುಚ್ಚಿದ ಹಾಗೆ. ನನ್ನ ಕಕ್ಷಿದಾರರಲ್ಲಿ ಓದಿದವರು, ಸರ್ಕಾರಿ ನೌಕರಿಯವರೂ ಹಾಕಿದ್ದಾರೆ. ದೇಶದ ಕೃಷಿ ಹಿಡುವಳಿಗಳಲ್ಲಿ ಹೆಂಗಸರ ಹೆಸರಿನಲ್ಲಿ ನಡೆಯುವುದು ನೂರಕ್ಕೆ ಸುಮಾರು 14 ಎಂದು 2015-16ರ ಕೃಷಿ ಗಣತಿ ಹೇಳುತ್ತದೆ.

ಆದರೂ ಕಾನೂನು ವ್ಯರ್ಥ ಎನ್ನಬೇಡಿ. ಕರ್ನಾಟಕ ಮತ್ತು ಮಹಾರಾಷ್ಟ್ರದ 1994ರ ತಿದ್ದುಪಡಿಯ ಮೇಲೆಯೇ ಅಧ್ಯಯನ ಆಗಿದೆ. ಹೆಣ್ಣುಮಕ್ಕಳಿಗೆ ಭೂಮಿ ಸಿಗುವುದು ಹೆಚ್ಚಿತು, ಸಮ ಮಾತ್ರ ಆಗಲಿಲ್ಲ. ಜೊತೆಗೆ ಅವರ ಓದೂ ಹೆಚ್ಚಿತು. ಹೆಸರಿನಲ್ಲಿ ಭೂಮಿ ಇದ್ದರೆ ಸಾಲಕ್ಕೆ ಅಡಮಾನ ಇಡಬಹುದು, ಅಂಗಡಿ ಹಾಕಬಹುದು. ಇಲ್ಲದವರು ಸಂಘದ ಸಣ್ಣ ಸಾಲದಲ್ಲೇ ಹಸು, ಹೊಲಿಗೆ ಯಂತ್ರ ಅಂತ ನಿಲ್ಲುತ್ತಾರೆ.

ವಿಜಯನಗರ ವಾಸಿ:

ತಿಪಟೂರಿನವರ ಮಾತು ಸರಿ. ಸಾಲದ ಅರ್ಜಿಯಲ್ಲಿ "ಜಾಮೀನಿಗೆ ಆಸ್ತಿ" ಎಂಬ ಜಾಗ ಖಾಲಿ ಬಿಟ್ಟವರು ಯಾರು ಎಂದು ನಾನು ಹೇಳಬೇಕಿಲ್ಲ.

ಈಗ ಮೇಷ್ಟ್ರಿಗೆ ನೇರ ಪ್ರಶ್ನೆ. ಬೆಳವಣಿಗೆ ಮೊದಲೋ, ಸಮಾನತೆ ಮೊದಲೋ?

ಜಯನಗರ ಮೇಷ್ಟ್ರು:

2019ರಲ್ಲಿ ನೊಬೆಲ್ ಪಡೆದ ಎಸ್ತರ್ ಡುಫ್ಲೋ 2012ರಲ್ಲಿ ಇದೇ ಪ್ರಶ್ನೆ ಎತ್ತಿಕೊಂಡು ಬರೆದಿದ್ದರು. ಎರಡೂ ಕಡೆಯಿಂದ ಸಂಬಂಧ ಇದೆ, ಆದರೆ ಒಂದನ್ನು ತಳ್ಳಿದರೆ ಇನ್ನೊಂದು ತಾನೇ ಉರುಳುವಷ್ಟು ಗಟ್ಟಿ ಸಂಬಂಧ ಅಲ್ಲ ಎಂದು. ನನಗೂ ಹಾಗೇ ಅನ್ನಿಸುತ್ತದೆ. ಹೆಂಗಸರಿಗೆ ಹಕ್ಕು ಕೊಡಲು ಜಿಡಿಪಿಯ ನೆಪ ಬೇಕಾಗಿಲ್ಲ. ನೆಪ ಹೇಳಿಕೊಂಡು ಕೊಟ್ಟರೆ, ನಾಳೆ ಕೊರಿಯಾದ ಉದಾಹರಣೆ ಹಿಡಿದುಕೊಂಡು ವಾಪಸ್ ಕೇಳುತ್ತಾರೆ.

ಕೆಲಸ ಕಣ್ಣಿಗೆ ಕಾಣಬೇಕು ಎಂಬುದು ಮಾತ್ರ ಖಚಿತ. ದಿಲ್ಲಿಯ ಸುತ್ತಲಿನ ಹಳ್ಳಿಗಳಿಗೆ ಕಾಲ್ ಸೆಂಟರ್ ಕೆಲಸಕ್ಕೆ ಆರಿಸುವವರನ್ನು ಮೂರು ವರ್ಷ ಕಳಿಸಿದ ಒಂದು ಪ್ರಯೋಗ ಇದೆ, ರಾಬರ್ಟ್ ಜೆನ್ಸನ್ ಅವರದ್ದು. ಆ ಹಳ್ಳಿಗಳಲ್ಲಿ 15ರಿಂದ 21ರ ಹುಡುಗಿಯರು ಮದುವೆ ಮುಂದೂಡಿದರು, ಕೆಲಸಕ್ಕೆ ಸೇರಿದರು, ಕಂಪ್ಯೂಟರ್ ಕಲಿಯಲು ಹೋದರು. ಯಾರೂ ಅಪ್ಪಂದಿರಿಗೆ ಉಪದೇಶ ಮಾಡಿರಲಿಲ್ಲ.

ಮುದ್ದೆ ಬಸ್ಸಾರು:

ಸರಿ ಮೇಷ್ಟ್ರೇ, ಕೆಲಸ ಬಂತು, ಬಸ್ ಬಂತು. ಮಗುವನ್ನು ಎಲ್ಲಿ ಬಿಡುವುದು? ಇದನ್ನು ಯಾರೂ ಬಗೆಹರಿಸಲಿಲ್ಲ.

ಪೀಣ್ಯ ಎರಡನೇ ಹಂತ:

ಅಣ್ಣ ಈಗ ಸರಿಯಾದ ಜಾಗಕ್ಕೆ ಬಂದರು. 30ಕ್ಕಿಂತ ಜಾಸ್ತಿ ಹೆಂಗಸರಿದ್ದರೆ ಶಿಶುವಿಹಾರ ಇಡಬೇಕು ಎಂದು 1948ರ ಫ್ಯಾಕ್ಟರಿ ಕಾಯ್ದೆಯಲ್ಲೇ ಇತ್ತು. ನಾನು ಮೊದಲು ಇದ್ದ ಕಡೆ ರೂಮು ಇತ್ತು, ತೊಟ್ಟಿಲೂ ಇತ್ತು. ಬಟ್ಟೆ ಕೊಳ್ಳುವ ಕಂಪನಿಯ ಬಯ್ಯರ್ ಬರುವ ದಿನ ಆಟದ ಸಾಮಾನು ಹೊರಗೆ ಬರುತ್ತಿತ್ತು. ಈಗಿನ ಕಡೆ ಚೆನ್ನಾಗಿದೆ, ಆದರೆ ಅಷ್ಟು ಚಿಕ್ಕ ಮಗುವನ್ನು ಎತ್ತಿಕೊಂಡು ರಶ್ ಬಸ್ಸಿನಲ್ಲಿ ಯಾರು ಬರುತ್ತಾರೆ? ಮನೆಯ ಹತ್ತಿರವೇ ಬೇಕು. ನಮ್ಮ ಬೀದಿಯ ಅಂಗನವಾಡಿ ಸಂಜೆ ನಾಲ್ಕಕ್ಕೆ ಮುಚ್ಚುತ್ತದೆ. ನಾನು ಮನೆ ಮುಟ್ಟುವುದು ಆರೂವರೆಗೆ. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿಯವರ ಮಕ್ಕಳಿಗೆ ಪಂಚಾಯಿತಿಯಿಂದ ಕೂಸಿನ ಮನೆ ಮಾಡಿದ್ದಾರೆ. ಅಂಥದ್ದು ಪೀಣ್ಯಕ್ಕೂ ಬರಲಿ, ಇಲ್ಲ ಅಂಗನವಾಡಿಯನ್ನೇ ಏಳರ ತನಕ ತೆರೆಯಲಿ.

ಬೆಳ್ಳಂದೂರು ನೊರೆ:

ನೂರಕ್ಕೆ ನೂರು. ನಾನು ದುಡ್ಡು ಕೊಟ್ಟು ಡೇಕೇರ್‌ಗೆ ಬಿಡಬಲ್ಲೆ, ಅದೂ ಏಳಕ್ಕೆ ಮುಚ್ಚುತ್ತದೆ. ಅಂಗನವಾಡಿ ಏಳರ ತನಕ ಇದ್ದರೆ ಅರ್ಧ ಬೆಂಗಳೂರಿನ ಸಮಸ್ಯೆ ತೀರುತ್ತದೆ.

ಹೆಗ್ಗನಹಳ್ಳಿ ಟೀಚರ್:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಾನು ಅಂಗನವಾಡಿ ಟೀಚರ್. 1975ರಲ್ಲಿ ಈ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ತಿ. ನರಸೀಪುರಕ್ಕೆ. ಅಂದಿನಿಂದ ಇಂದಿನವರೆಗೂ ನಮಗೆ ಗೌರವಧನವೇ, ಸಂಬಳ ಇಲ್ಲ. ನಮಗೂ ಗ್ರಾಚ್ಯುಟಿ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಬೇಕಾಯಿತು. ಮಕ್ಕಳ ಜೊತೆಗೆ ಗರ್ಭಿಣಿಯರ ಲೆಕ್ಕ, ತೂಕ, ಮೊಟ್ಟೆ, ಫೋನಿನಲ್ಲಿ ಫೋಟೋ ಏರಿಸುವುದು, ಚುನಾವಣೆ ಬಂದರೆ ಮತದಾರರ ಪಟ್ಟಿ. ಫ್ರೀಡಂ ಪಾರ್ಕಿನಲ್ಲಿ ರಾತ್ರಿ ಮಲಗಿ ಒಂದೊಂದು ಸಾವಿರ ಏರಿಸಿಕೊಂಡಿದ್ದೇವೆ.

ಏಳರ ತನಕ ತೆರೆಯಿರಿ ಎನ್ನುವುದು ಒಳ್ಳೆಯ ಮಾತು, ನಾನು ಬೇಡ ಎನ್ನುವುದಿಲ್ಲ. ನಾಲ್ಕರ ಮೇಲೆ ಇನ್ನೊಬ್ಬರನ್ನು ನೇಮಿಸಿ, ಆಕೆಗೆ ಸಂಬಳ ಎಂದೇ ಕೊಡಿ, ಪಿಎಫ್ ಹಾಕಿ. ಅದು ಬಿಟ್ಟು ನಮ್ಮ ತಲೆಗೇ ಕಟ್ಟಿದರೆ ನನ್ನ ಮಗಳನ್ನು ಆ ಹೊತ್ತಿಗೆ ಎಲ್ಲಿ ಬಿಡಬೇಕು ಎಂದು ಪೀಣ್ಯದ ಅಕ್ಕ, ಬೆಳ್ಳಂದೂರಿನ ಮೇಡಂ ಇಬ್ಬರೂ ಯೋಚಿಸಿ ಹೇಳಿ.

ಪೀಣ್ಯ ಎರಡನೇ ಹಂತ:

ಟೀಚರ್, ನಿಮ್ಮ ಬೇಡಿಕೆ ಪಟ್ಟಿ ಇದ್ದರೆ ಇಲ್ಲೇ ಹಾಕಿ. ನಮ್ಮ ಯೂನಿಯನ್ ಮೀಟಿಂಗ್ ಬರುವ ಭಾನುವಾರ ಇದೆ. ಏಳರ ತನಕ ಎಂಬುದರ ಕೆಳಗೆ ಎರಡನೇ ಪಾಳಿಗೆ ಬೇರೆ ಟೀಚರ್ ಎಂಬುದನ್ನೂ ಸೇರಿಸಿ ಬರೆಸುತ್ತೇನೆ. ನಿಮ್ಮ ಕಡೆಯಿಂದ ಯಾರಾದರೂ ಬಂದರೆ ಇನ್ನೂ ಒಳ್ಳೆಯದು.